ಇಸುಬು ಇರುವ ಚರ್ಮಕ್ಕೆ ಮನೆಯಲ್ಲೇ ಸೋಪು: ಯಾವ ಎಣ್ಣೆ, ಎಷ್ಟು, ಯಾಕೆ?

ಮೈಗೆ ಹಚ್ಚಿದಾಗ ಹಿತವಾಗಿರುವ ಎಣ್ಣೆ ಸೋಪಾದ ಮೇಲೂ ಹಾಗೇ ಇರುತ್ತದೆ ಅಂದುಕೊಂಡೇ ಹೆಚ್ಚಿನವರು ಸೋಪು ಮಾಡಲು ಕೈಹಾಕುತ್ತಾರೆ. ಎಡವುವುದು ಇಲ್ಲೇ. ಕೊಬ್ಬರಿ ಎಣ್ಣೆಯನ್ನೇ ತೆಗೆದುಕೊಳ್ಳಿ. ಎಕ್ಸಿಮಾ, ಅಂದರೆ ಇಸುಬು, ಇರುವ ಮಕ್ಕಳಿಗೆ ವರ್ಜಿನ್ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದ ಫಿಲಿಪ್ಪೀನ್ಸ್‌ನ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು, ಅದರಲ್ಲಿ ಮಿನರಲ್ ಆಯಿಲ್‌ಗಿಂತ ಕೊಬ್ಬರಿ ಎಣ್ಣೆಯೇ ಚೆನ್ನಾಗಿ ಕೆಲಸ ಮಾಡಿತ್ತು. ಅದೇ ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ ಬರೀ ಕೊಬ್ಬರಿ ಎಣ್ಣೆಯ ಸೋಪು ಮಾಡಿ ನೋಡಿ. ನೊರೆ ಸೊಂಪಾಗಿ ಬರುತ್ತದೆ, ಕೊಳೆಯೂ ಹೋಗುತ್ತದೆ, ಜೊತೆಗೆ ಮೈಯಲ್ಲಿದ್ದ ಜಿಡ್ಡೂ ಪೂರ್ತಿ ಹೋಗಿ ಸ್ನಾನ ಮುಗಿಸಿ ಹತ್ತು ನಿಮಿಷಕ್ಕೆ ಚರ್ಮ ಬಿಗಿದು ತುರಿಕೆ ಶುರುವಾಗುತ್ತದೆ.

ಯಾಕೆಂದರೆ ಸೋಪಾದ ಮೇಲೆ ಎಣ್ಣೆ ಎಣ್ಣೆಯಾಗಿ ಉಳಿದಿರುವುದಿಲ್ಲ. ಅದರಲ್ಲಿದ್ದ ಕೊಬ್ಬಿನಾಮ್ಲಗಳೆಲ್ಲ ಕಾಸ್ಟಿಕ್ ಸೋಡಾದ ಸೋಡಿಯಂ ಜೊತೆ ಸೇರಿ ಬೇರೆಯದೇ ವಸ್ತು ಆಗಿರುತ್ತವೆ. ಹಾಗಾಗಿ ಎಣ್ಣೆ ಆರಿಸುವಾಗ "ಇದು ಮೈಗೆ ಒಳ್ಳೆಯದಾ?" ಅಂತ ಕೇಳಿ ಉಪಯೋಗವಿಲ್ಲ. "ಇದರಿಂದ ಎಂಥ ಸೋಪು ಬರುತ್ತದೆ?" ಅಂತ ಕೇಳಬೇಕು.

ಶುರು ಮಾಡುವ ಮುಂಚೆ

ಯಾವ ಸೋಪೂ ಇಸುಬನ್ನು ವಾಸಿ ಮಾಡುವುದಿಲ್ಲ. ಸೋಪು ಮೈಮೇಲೆ ಇರುವುದೇ ಒಂದೆರಡು ನಿಮಿಷ, ಆಮೇಲೆ ತೊಳೆದು ಹೋಗುತ್ತದೆ. ನಾವು ಮಾಡಬಹುದಾದದ್ದು ಇಷ್ಟೇ: ಅದು ಮಾಡುವ ಕೆಡುಕನ್ನು ಆದಷ್ಟು ಕಡಿಮೆ ಮಾಡುವುದು.

ಇನ್ನೊಂದು ವಿಷಯ. ನಮ್ಮ ಚರ್ಮ ಸ್ವಲ್ಪ ಹುಳಿ ಕಡೆಗೆ, ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಸುಮಾರು 5. ನಿಜವಾದ ಸೋಪು ಯಾವ ಎಣ್ಣೆಯಿಂದ ಮಾಡಿದರೂ 9ರಿಂದ 10ರ ಆಸುಪಾಸು ಕ್ಷಾರ. ನಿಂಬೆ ಹುಳಿ, ವಿನೆಗರ್ ಸುರಿದು ಅದನ್ನು 5.5ಕ್ಕೆ ಇಳಿಸಲು ಆಗುವುದಿಲ್ಲ, ಇಳಿಸಲು ಹೋದರೆ ಸೋಪೇ ಒಡೆದು ಜಿಡ್ಡಾಗುತ್ತದೆ. ಚರ್ಮದ ಡಾಕ್ಟರ್‌ಗಳು ಎಕ್ಸಿಮಾ ಇರುವವರಿಗೆ ಸೋಪು ಬಿಟ್ಟು ಸಿಂಡೆಟ್ ಬಾರ್ ಬರೆದುಕೊಡುವುದು ಈ ಕಾರಣಕ್ಕೇ. ಅದು ನೋಡಲು ಸೋಪಿನ ಹಾಗೇ ಇದ್ದರೂ ಒಳಗಿನ ವಸ್ತು ಬೇರೆ, ಪಿಎಚ್ ಚರ್ಮದ ಹತ್ತಿರಕ್ಕೆ ಇಳಿಸಬಹುದಾದ ಸಿಂಥೆಟಿಕ್ ಡಿಟರ್ಜೆಂಟ್. ಡಾಕ್ಟರ್ ಹೇಳಿದ್ದು ನಿಮಗೆ ಒಗ್ಗುತ್ತಿದ್ದರೆ ಅದನ್ನು ಬಿಟ್ಟು ಇದಕ್ಕೆ ಬರಬೇಡಿ.

ಹಾಗಾದರೆ ಈ ಸೋಪು ಯಾರಿಗೆ? ಇಸುಬು ಹತೋಟಿಯಲ್ಲಿರುವ ದೊಡ್ಡವರಿಗೆ. ಚರ್ಮ ಒಣ, ಚಳಿಗಾಲದಲ್ಲಿ ಮೊಣಕೈ ಮಡಿಕೆಯಲ್ಲಿ, ಮಂಡಿ ಹಿಂದೆ ಆಗಾಗ ತುರಿಕೆ, ಅಂಗಡಿ ಸೋಪು ಹಾಕಿದರೆ ಉರಿ, ಅಂಥವರಿಗೆ. ಚರ್ಮ ಒಡೆದು ನೀರು ಜಿನುಗುತ್ತಿದ್ದರೆ ಯಾವ ಸೋಪೂ ಬೇಡ. ಎಳೆ ಮಕ್ಕಳಿಗಂತೂ ಮನೆಯಲ್ಲಿ ಮಾಡಿದ್ದು ಬೇಡವೇ ಬೇಡ. ಮತ್ತೆ, ನಿಮಗಿರುವುದು ಇಸುಬೇನಾ ಅಂತ ಒಮ್ಮೆ ಡಾಕ್ಟರ್‌ಗೆ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಹುಳುಕಡ್ಡಿಯನ್ನು ಇಸುಬು ಅಂದುಕೊಂಡು ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತಂದ ಮುಲಾಮು ಹಚ್ಚುತ್ತಾ ಕೂರುವವರು ನಮ್ಮಲ್ಲಿ ಕಡಿಮೆ ಏನಲ್ಲ.

ಮೊದಲ ಹೆಜ್ಜೆ: ಎಣ್ಣೆಯ ಒಳಗೇನಿದೆ ಅಂತ ನೋಡುವುದು

ಕೆಮಿಸ್ಟ್ರಿ ಅಂತ ಹೆದರಬೇಡಿ, ನಾಲ್ಕೈದು ಹೆಸರು ಗೊತ್ತಿದ್ದರೆ ಸಾಕು. ಲಾರಿಕ್ ಮತ್ತು ಮಿರಿಸ್ಟಿಕ್ ಆಮ್ಲಗಳಿಂದ ಬೇಗ ಕರಗುವ, ನೊರೆ ಉಕ್ಕುವ, ಕೊಳೆ ಜಾಸ್ತಿ ತೆಗೆಯುವ ಸೋಪು ಬರುತ್ತದೆ. ಚರ್ಮವನ್ನು ಕೆರಳಿಸುವುದರಲ್ಲೂ ಇವೇ ಮುಂದೆ. ಪಾಮಿಟಿಕ್, ಸ್ಟಿಯರಿಕ್ ಆಮ್ಲಗಳಿಂದ ಗಟ್ಟಿಯಾದ, ಬೇಗ ಸವೆಯದ ಬಾರ್ ಬರುತ್ತದೆ, ನೊರೆ ಕಡಿಮೆ ಆದರೂ ಕೆನೆಯ ಹಾಗೆ. ಓಲಿಯಿಕ್ ಆಮ್ಲದ್ದು ಮೆತ್ತನೆ ಸ್ವಭಾವ, ನೊರೆ ಸಣ್ಣದು, ಸ್ವಲ್ಪ ಲೋಳೆ. ಲಿನೋಲಿಯಿಕ್ ಕೂಡ ಮೆದು, ಆದರೆ ಜಾಸ್ತಿ ಆದರೆ ಸೋಪು ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ. ಇನ್ನು ರಿಸಿನೋಲಿಯಿಕ್ ಇರುವುದು ಹರಳೆಣ್ಣೆಯಲ್ಲಿ, ಅದರ ಸುಮಾರು 90% ಇದೇ. ನೊರೆ ನಿಲ್ಲುವ ಹಾಗೆ ಮಾಡುವುದು ಇದರ ಕೆಲಸ.

ನಮ್ಮ ಲೆಕ್ಕ ಸರಳ. ಲಾರಿಕ್ ಕಡಿಮೆ, ಓಲಿಯಿಕ್ ಜಾಸ್ತಿ, ಗಟ್ಟಿತನಕ್ಕೆ ಸ್ಟಿಯರಿಕ್, ಲಿನೋಲಿಯಿಕ್ ಒಂದು ಮಿತಿಯಲ್ಲಿ, ಹರಳೆಣ್ಣೆ ಚೂರು.

ಎರಡನೇ ಹೆಜ್ಜೆ: ಒಂದೊಂದೇ ಎಣ್ಣೆ

ಕೊಬ್ಬರಿ ಎಣ್ಣೆ. ಇದರ ಅರ್ಧಭಾಗ, ಹತ್ತಿರ 48%, ಲಾರಿಕ್. ಸಾಮಾನ್ಯ ಸೋಪಿನ ರೆಸಿಪಿಗಳಲ್ಲಿ ಇದು 30% ಇರುತ್ತದೆ. ನಮಗೆ 15% ಮೇಲ್ಮಿತಿ. ಪೂರ್ತಿ ಬಿಟ್ಟರೂ ಆಗುತ್ತದೆ, ಆದರೆ ಬೋರ್‌ವೆಲ್ ನೀರಿನ ಮನೆಯಲ್ಲಿ ನೊರೆಯೇ ಬರುವುದಿಲ್ಲ. ನೊರೆ ಬರಲಿಲ್ಲ ಅಂತ ಇನ್ನೂ ನಾಲ್ಕು ಸಲ ಉಜ್ಜಿಕೊಳ್ಳುತ್ತಾರೆ, ಆಗ ಇದ್ದ ಲಾಭವೂ ಹೋಯಿತು. ಅದಕ್ಕೆ ಸ್ವಲ್ಪ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಆಲಿವ್ ಎಣ್ಣೆ. ಓಲಿಯಿಕ್ ಸುಮಾರು 70%. ಸಿರಿಯಾದ ಅಲೆಪ್ಪೊದಲ್ಲಿ, ಪ್ಯಾಲೆಸ್ಟೀನಿನ ನಾಬ್ಲಸ್‌ನಲ್ಲಿ ತಲೆಮಾರುಗಳಿಂದ ಮುಖ್ಯವಾಗಿ ಇದರಿಂದ ಸೋಪು ಮಾಡುತ್ತಾ ಬಂದಿದ್ದಾರೆ. ತಮಾಷೆ ಎಂದರೆ, ಹಚ್ಚಿಕೊಳ್ಳುವ ಎಣ್ಣೆಯಾಗಿ ಆಲಿವ್ ಇಸುಬಿಗೆ ಅಷ್ಟು ಒಳ್ಳೆಯದಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆಲವೇ ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂಗೈಗೆ ಕೆಲವು ವಾರ ಆಲಿವ್ ಎಣ್ಣೆ ಹಚ್ಚಿದಾಗ ಚರ್ಮದ ಮೇಲ್ಪದರ ದುರ್ಬಲವಾಗಿ ಸ್ವಲ್ಪ ಕೆಂಪಾಯಿತು, ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಹಾಗಾಗಲಿಲ್ಲ. ಕೊಬ್ಬರಿ ಎಣ್ಣೆಗೆ ಪೂರ್ತಿ ತಿರುಗುಮುರುಗು, ಅಲ್ವಾ? ಅದು ಹಚ್ಚಲು ಹಿತ, ಸೋಪಾಗಿ ಖಾರ. ಇದು ಹಚ್ಚಲು ಅಷ್ಟಕ್ಕಷ್ಟೆ, ಸೋಪಾಗಿ ಸೌಮ್ಯ. ದುಬಾರಿ ಎಕ್ಸ್‌ಟ್ರಾ ವರ್ಜಿನ್ ಬೇಡ, ಪಾಮೇಸ್ (ಹಿಂಡಿ ಉಳಿದ ಚರಟದಿಂದ ತೆಗೆದ ಎಣ್ಣೆ) ಅಂತ ಬರೆದಿರುವ ಅಗ್ಗದ ಡಬ್ಬಿ ಸಾಕು. ಅದು ಬೇಗ ಗಟ್ಟಿಯಾಗುತ್ತದೆ ಕೂಡ. 40% ಇದೇ ಇರಲಿ. ಬರೀ ಆಲಿವ್‌ನಲ್ಲೇ ಮಾಡುತ್ತೇನೆ ಅಂದರೆ ಮಾಡಬಹುದು, ಆದರೆ ಲೋಳೆ ಲೋಳೆ ನೊರೆಗೆ ಒಗ್ಗಿಕೊಳ್ಳಬೇಕು, ತಿಂಗಳುಗಟ್ಟಲೆ ಕಾಯಬೇಕು.

ಮುರುಗಲು ತುಪ್ಪ, ಅಂದರೆ ಅಂಗಡಿಯವರ ಕೋಕಂ ಬಟರ್. ಕರಾವಳಿಯಲ್ಲಿ ಪುನರ್ಪುಳಿ ಅನ್ನುವ ಹಣ್ಣಿನ ಬೀಜದ್ದು. ಶಿರಸಿ, ಕುಮಟಾ ಕಡೆಯವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ, ಹಿಮ್ಮಡಿ ಒಡೆದರೆ ಇದನ್ನೇ ಹಚ್ಚುವುದು. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟಿಯರಿಕ್, ಉಳಿದದ್ದರಲ್ಲಿ ಬಹುಪಾಲು ಓಲಿಯಿಕ್, ಲಾರಿಕ್ ಇಲ್ಲವೇ ಇಲ್ಲ ಅನ್ನಬಹುದು. ಉಗುರಿನಿಂದ ಕೆರೆದರೆ ಪುಡಿಯಾಗುತ್ತದೆ, ಅಂಗೈಯಲ್ಲಿ ಹಿಡಿದರೆ ನಿಧಾನಕ್ಕೆ ಕರಗುತ್ತದೆ. ಆಫ್ರಿಕಾದಿಂದ ಬರುವ ಶಿಯಾ ಬಟರ್ ಹುಡುಕಿಕೊಂಡು ಹೋಗುವ ಬದಲು ನಮ್ಮ ಘಟ್ಟದ್ದನ್ನೇ ತನ್ನಿ, ಗಟ್ಟಿ ಬಾರ್‌ಗೆ ಇದೇ ಮೇಲು. 20% ಹಾಕಿ. 30%ರ ಮೇಲೆ ಹೋದರೆ ಬಾರ್ ಬಿರುಕು ಬಿಡುತ್ತದೆ. ಸಿಗದಿದ್ದರೆ ಮಾವಿನ ಓಟೆಯ ಬೆಣ್ಣೆ, ಮ್ಯಾಂಗೋ ಬಟರ್ ಅಂತ ಮಾರುತ್ತಾರಲ್ಲ, ಅದೂ ಆಗುತ್ತದೆ.

ಅಕ್ಕಿ ತೌಡಿನ ಎಣ್ಣೆ. ಎಲ್ಲ ಕಿರಾಣಿ ಅಂಗಡಿಯಲ್ಲೂ ರೈಸ್ ಬ್ರಾನ್ ಅಂತ ಸಿಗುತ್ತದೆ. ಓಲಿಯಿಕ್ ಸುಮಾರು 40%, ಲಿನೋಲಿಯಿಕ್ 35%ರ ಹತ್ತಿರ, ಪಾಮಿಟಿಕ್ಕೂ ಸ್ವಲ್ಪ ಇದೆ. ಆಲಿವ್ ಖರ್ಚು ಇಳಿಸಲು 20% ಇದನ್ನು ಸೇರಿಸಿ. ಇನ್ನೂ ಜಾಸ್ತಿ ಬೇಡ, ಕಿತ್ತಳೆ ಬಣ್ಣದ ಚುಕ್ಕೆ ಎದ್ದು ಸೋಪು ಮುಗ್ಗುತ್ತದೆ. ಸೂರ್ಯಕಾಂತಿ, ಕುಸುಬೆ, ಸೋಯಾ ಎಣ್ಣೆಗಳಲ್ಲಿ ಲಿನೋಲಿಯಿಕ್ ಇನ್ನೂ ಜಾಸ್ತಿ, ಹಾಕಿದರೆ 10%ರ ಒಳಗೆ.

ಹರಳೆಣ್ಣೆ. 5% ಸಾಕು. 10% ದಾಟಿದರೆ ಬಾರ್ ಕೈಗೆ ಅಂಟುತ್ತದೆ.

ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ. ಸೋಪಾಗಿ ಎರಡೂ ಕೆಟ್ಟದ್ದೇನಲ್ಲ. ಆದರೆ ಗಾಣದ ಎಣ್ಣೆಯಲ್ಲಿ ಬೀಜದ ಪ್ರೋಟೀನು ಚೂರುಪಾರು ಉಳಿದಿರುತ್ತದೆ, ಒಡೆದ ಚರ್ಮದ ಮೂಲಕ ಅದು ಒಳಗೆ ಹೋಗಿ ಅಲರ್ಜಿ ಹುಟ್ಟಿಸುವ ಸಾಧ್ಯತೆ ಇದೆ. ಕಡಲೆಕಾಯಿ ಎಣ್ಣೆ ಇದ್ದ ಮುಲಾಮು ಹಚ್ಚಿಸಿಕೊಂಡ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಜಾಸ್ತಿ ಕಂಡಿತ್ತು ಅಂತ 2003ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಹೇಳಿತ್ತು. ಬೇರೆ ಎಣ್ಣೆ ಇರುವಾಗ ಈ ಗೊಡವೆ ಯಾಕೆ?

ಬೇವಿನ ಎಣ್ಣೆ. ಇದರ ವಿಷಯಕ್ಕೆ ಬಂದರೆ ಜಗಳಕ್ಕೇ ಬರುತ್ತಾರೆ. ಇಸುಬು ಅಂದ ಕೂಡಲೇ ಬೇವು ಅನ್ನುವುದು ನಮಗೆ ಅಭ್ಯಾಸ. ಸೋಪಿನಲ್ಲಿ ಅದರ ಗುಣ ಎಷ್ಟು ಉಳಿಯುತ್ತದೋ ಹೇಳುವುದು ಕಷ್ಟ, ವಾಸನೆ ಮಾತ್ರ ತಿಂಗಳಾನುಗಟ್ಟಲೆ ಉಳಿಯುತ್ತದೆ. ಕೆಲವರಿಗೆ ಬೇವೇ ಅಲರ್ಜಿ. ಮೊದಲ ಸೋಪಿಗೆ ಬೇಡ. ಅದು ಒಗ್ಗಿದ ಮೇಲೆ ಬೇಕಿದ್ದರೆ ಮುಂದಿನ ಸಲ 5% ಸೇರಿಸಿ ನೋಡಿ. ಹೊಂಗೆ ಎಣ್ಣೆಯನ್ನು ಬಟ್ಟೆ ಸೋಪಿಗೆ ಇಟ್ಟುಕೊಳ್ಳಿ. ಸಾಸಿವೆ ಎಣ್ಣೆ ಖಾರ, ಇಲ್ಲಿ ಅದಕ್ಕೆ ಕೆಲಸವಿಲ್ಲ.

ಮೂರನೇ ಹೆಜ್ಜೆ: ಅಂಗಡಿಯಲ್ಲಿ ಲೇಬಲ್ ಓದುವುದು

ಇಲ್ಲಿ ಮೋಸ ಹೋದರೆ ಲೆಕ್ಕವೆಲ್ಲ ತಪ್ಪುತ್ತದೆ. ಪ್ಯಾಕೆಟ್ ಮುಂದೆ ದೊಡ್ಡದಾಗಿ ರೈಸ್ ಬ್ರಾನ್ ಅಂತಲೋ ಆಲಿವ್ ಅಂತಲೋ ಇರುತ್ತದೆ, ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ "ಬ್ಲೆಂಡೆಡ್ ಎಡಿಬಲ್ ವೆಜಿಟೇಬಲ್ ಆಯಿಲ್" ಅಂತ ಇರುತ್ತದೆ. ಅಂದರೆ ಎರಡು ಎಣ್ಣೆ ಬೆರೆಸಿದ್ದು. ಒಂದೊಂದು ಎಣ್ಣೆಗೆ ಬೇಕಾಗುವ ಕಾಸ್ಟಿಕ್ ಸೋಡಾ ಒಂದೊಂದು ಥರ, ಆದ್ದರಿಂದ ಬೆರಕೆ ಎಣ್ಣೆ ಬೇಡ.

ಕೊಬ್ಬರಿ ಎಣ್ಣೆಯಲ್ಲಿ ಇನ್ನೊಂದು ಥರದ ಗುಂಡಿ. ಘಮಘಮ ಅನ್ನುವ ಕೆಲವು ತಲೆಗೂದಲ ಎಣ್ಣೆಗಳಲ್ಲಿ ಮಿನರಲ್ ಆಯಿಲ್ ಅಥವಾ ಲೈಟ್ ಲಿಕ್ವಿಡ್ ಪ್ಯಾರಾಫಿನ್ ಇರುತ್ತದೆ. ಅದು ಪೆಟ್ರೋಲಿಯಂ, ಏನು ಮಾಡಿದರೂ ಸೋಪಾಗುವುದಿಲ್ಲ. ಅಡುಗೆಗೆ ಬಳಸುವ ಕೊಬ್ಬರಿ ಎಣ್ಣೆಯನ್ನೇ ತನ್ನಿ. ಹರಳೆಣ್ಣೆಯೂ ಅಷ್ಟೆ, ಬೇರೇನೂ ಸೇರಿಸದ್ದು ಇರಬೇಕು. ಹಳೆಯ ಎಣ್ಣೆ, ಕರಿದ ಎಣ್ಣೆ ಬೇಡ.

ಕಾಸ್ಟಿಕ್ ಸೋಡಾವನ್ನು ಲ್ಯಾಬ್ ಕೆಮಿಕಲ್ ಅಂಗಡಿಯಲ್ಲಿ ಕೇಳಿ. ಸೋಡಿಯಂ ಹೈಡ್ರಾಕ್ಸೈಡ್ ಅಂತ ಬರೆದಿರಬೇಕು, ಶುದ್ಧತೆ 97% ಅಥವಾ ಅದಕ್ಕಿಂತ ಮೇಲೆ. ಪೈಪು ಕಟ್ಟಿದಾಗ ಸುರಿಯುವ ಪುಡಿಯಲ್ಲಿ ಬೇರೆ ಏನೇನೋ ಇರುತ್ತದೆ. ವಾಷಿಂಗ್ ಸೋಡಾ, ಅಡುಗೆ ಸೋಡಾ ಇದಕ್ಕೆ ಬದಲಿ ಅಲ್ಲ.

ಸೋಪಿನ ಪ್ಯಾಕೆಟ್ ಮೇಲಿನ ಟಿಎಫ್‌ಎಂ (ಟೋಟಲ್ ಫ್ಯಾಟಿ ಮ್ಯಾಟರ್) ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಲೆಕ್ಕದಲ್ಲಿ ಟಿಎಫ್‌ಎಂ 76% ಇದ್ದರೆ ಮೊದಲ ದರ್ಜೆಯ ಟಾಯ್ಲೆಟ್ ಸೋಪು. ಅದು ಸೋಪಿನಲ್ಲಿ ಕೊಬ್ಬಿನ ಅಂಶ ಎಷ್ಟಿದೆ ಅನ್ನುವ ಅಳತೆ, ಚರ್ಮಕ್ಕೆ ಎಷ್ಟು ಸೌಮ್ಯ ಅನ್ನುವುದರದ್ದಲ್ಲ. ಬರೀ ಕೊಬ್ಬರಿ ಎಣ್ಣೆಯ ಸೋಪಿಗೂ ಟಿಎಫ್‌ಎಂ ಚೆನ್ನಾಗಿಯೇ ಬರಬಹುದು. ಮನೆ ಸೋಪಿನಲ್ಲಿ, ಎಣ್ಣೆ ಸೋಪಾಗುವಾಗ ಹುಟ್ಟುವ ಗ್ಲಿಸರಿನ್ ಮತ್ತು ನೀರು ಒಳಗೇ ಉಳಿಯುವುದರಿಂದ ಈ ಅಂಕಿ ಕಡಿಮೆಯೇ. ತಲೆ ಕೆಡಿಸಿಕೊಳ್ಳಬೇಡಿ.

ನಾಲ್ಕನೇ ಹೆಜ್ಜೆ: ಲೆಕ್ಕ

ಅರ್ಧ ಕೆಜಿ ಎಣ್ಣೆಗೆ ನಾನು ಹೇಳುವ ಅಳತೆ ಇದು. ಎಲ್ಲವೂ ತೂಕದಲ್ಲಿ. ಲೋಟ, ಚಮಚದ ಅಳತೆ ಸೋಪಿಗೆ ನಡೆಯುವುದಿಲ್ಲ. 1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕೇ ಬೇಕು.

ಆಲಿವ್ ಪಾಮೇಸ್ 200 ಗ್ರಾಂ
ಮುರುಗಲು ತುಪ್ಪ 100 ಗ್ರಾಂ
ಅಕ್ಕಿ ತೌಡಿನ ಎಣ್ಣೆ 100 ಗ್ರಾಂ
ಕೊಬ್ಬರಿ ಎಣ್ಣೆ 75 ಗ್ರಾಂ
ಹರಳೆಣ್ಣೆ 25 ಗ್ರಾಂ

ಒಂದು ಗ್ರಾಂ ಎಣ್ಣೆ ಪೂರ್ತಿ ಸೋಪಾಗಲು ಎಷ್ಟು ಗ್ರಾಂ ಕಾಸ್ಟಿಕ್ ಸೋಡಾ ಬೇಕು ಅನ್ನುವುದಕ್ಕೆ ಒಂದೊಂದು ಎಣ್ಣೆಗೂ ಒಂದು ಅಂಕಿ ಇದೆ. ಆಲಿವ್‌ಗೆ 0.135, ಮುರುಗಲಿಗೆ 0.135, ತೌಡಿಗೆ 0.133, ಕೊಬ್ಬರಿಗೆ 0.183, ಹರಳಿಗೆ 0.128. ಗುಣಿಸಿದರೆ ಕ್ರಮವಾಗಿ 27, 13.5, 13.3, 13.7, 3.2. ಒಟ್ಟು 70.7 ಗ್ರಾಂ. ಇಷ್ಟನ್ನೂ ಹಾಕಿದರೆ ಎಣ್ಣೆ ಒಂದು ಚೂರೂ ಉಳಿಯುವುದಿಲ್ಲ. ನಮಗೆ ಸ್ವಲ್ಪ ಉಳಿಯಬೇಕು, ಇದನ್ನೇ ಸೂಪರ್‌ಫ್ಯಾಟ್ ಅನ್ನುವುದು. ಸಾಮಾನ್ಯ ಸೋಪಿಗೆ 5% ಇಡುತ್ತಾರೆ, ಇಲ್ಲಿ 8% ಇಡೋಣ. 70.7ರಲ್ಲಿ 8% ಕಳೆದರೆ 65 ಗ್ರಾಂ. ಅಷ್ಟೇ ಕಾಸ್ಟಿಕ್ ಸೋಡಾ, ನೀರು 140 ಗ್ರಾಂ.

ಎಣ್ಣೆ ಬದಲಾಯಿಸಿದರೆ ಲೆಕ್ಕ ಮತ್ತೆ ಮಾಡಬೇಕು. ಆನ್‌ಲೈನ್‌ನಲ್ಲಿ ಲೈ (ಅಂದರೆ ಕಾಸ್ಟಿಕ್ ಸೋಡಾ) ಕ್ಯಾಲ್ಕುಲೇಟರ್‌ಗಳು ಪುಕ್ಕಟೆ ಸಿಗುತ್ತವೆ. ನನ್ನ ಲೆಕ್ಕವನ್ನೂ ಒಮ್ಮೆ ಅದರಲ್ಲಿ ಹಾಕಿ ತಾಳೆ ನೋಡಿಯೇ ಕೆಲಸ ಶುರು ಮಾಡಿ.

ಕೆಲವರು ದುಬಾರಿ ಬಾದಾಮಿ ಎಣ್ಣೆಯನ್ನೋ ಆರ್ಗನ್ ಎಣ್ಣೆಯನ್ನೋ ಕೊನೆಯಲ್ಲಿ ಸುರಿದು "ಇದು ಸೂಪರ್‌ಫ್ಯಾಟ್ ಆಗಿ ಹಾಗೇ ಉಳಿಯುತ್ತದೆ" ಅನ್ನುತ್ತಾರೆ. ಕೋಲ್ಡ್ ಪ್ರೋಸೆಸ್‌ನಲ್ಲಿ, ಅಂದರೆ ನಾವು ಮಾಡುವ ಹಾಗೆ ಬೇಯಿಸದೆ ಮಾಡುವ ಸೋಪಿನಲ್ಲಿ, ಉಳಿಯುವುದಿಲ್ಲ. ಸೋಪು ಗಟ್ಟಿಯಾಗಲು ಶುರುವಾದಾಗಲೂ ಕಾಸ್ಟಿಕ್ ಸೋಡಾ ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ, ಯಾವ ಎಣ್ಣೆ ದುಬಾರಿ ಅಂತ ಅದಕ್ಕೇನು ಗೊತ್ತು? ಆ ದುಡ್ಡಿಗೆ ಒಳ್ಳೆಯ ಮಾಯಿಶ್ಚರೈಸರ್ ತನ್ನಿ.

ಐದನೇ ಹೆಜ್ಜೆ: ಏನೇನು ಹಾಕಬಾರದು

ಈ ಸೋಪಿಗೆ ಸುವಾಸನೆ ಬೇಡ. ಲ್ಯಾವೆಂಡರ್, ಟೀ ಟ್ರೀ, ನಿಂಬೆಹುಲ್ಲು, ಕಿತ್ತಳೆ, ಗಂಧದೆಣ್ಣೆ, ಯಾವುದೂ ಬೇಡ. ನ್ಯಾಚುರಲ್ ಅಂದ ಮಾತ್ರಕ್ಕೆ ಇಸುಬಿನ ಚರ್ಮ ಬಿಟ್ಟುಬಿಡುವುದಿಲ್ಲ, ಚರ್ಮದ ಅಲರ್ಜಿಗೆ ಸುವಾಸನೆಗಳೇ ದೊಡ್ಡ ಕಾರಣಗಳಲ್ಲಿ ಒಂದು. ಬಣ್ಣವೂ ಬೇಡ.

ಕಡಲೆಹಿಟ್ಟು, ಹಾಲು, ಓಟ್ಸ್, ಗೋಧಿ ಹಿಟ್ಟು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಜಪಾನಿನಲ್ಲಿ ಗೋಧಿ ಪ್ರೋಟೀನ್ ಸೇರಿಸಿದ ಮುಖದ ಸೋಪೊಂದು ಬಹಳ ಓಡುತ್ತಿತ್ತು. ಅದನ್ನು ದಿನಾ ಹಚ್ಚಿದವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ಅಲರ್ಜಿ ಅಂಟಿಕೊಂಡಿತು. ಅಲ್ಲಿಯವರೆಗೆ ಆರಾಮಾಗಿ ಬ್ರೆಡ್ಡು, ನೂಡಲ್ಸ್ ತಿನ್ನುತ್ತಿದ್ದವರಿಗೆ ತಿಂದರೆ ಮುಖ ಊದಿಕೊಳ್ಳುವ, ಉಸಿರು ಕಟ್ಟುವ ಸ್ಥಿತಿ ಬಂತು. 2011ರಲ್ಲಿ ಆ ಸೋಪನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಅದರಲ್ಲಿದ್ದದ್ದು ವಿಶೇಷವಾಗಿ ಒಡೆದ ಪ್ರೋಟೀನು, ನಮ್ಮ ಕಡಲೆಹಿಟ್ಟಿಗೂ ಅದಕ್ಕೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೂ ತಿನ್ನುವ ವಸ್ತುವನ್ನು ಒಡೆದ ಚರ್ಮಕ್ಕೆ ದಿನಾ ಉಜ್ಜುವುದು ಬೇಡ.

ಹಾಕಬಹುದಾದದ್ದು ಒಂದೇ, ಅದೂ ಗಡಸು ನೀರಿನವರಿಗೆ. ಬೆಂಗಳೂರಿನ ಟ್ಯಾಂಕರ್ ನೀರು, ಕೋಲಾರದ ಬೋರ್‌ವೆಲ್ ನೀರು ಬಳಸುವವರಿಗೆ ಬಕೆಟ್ ಅಂಚಿಗೆ ಕೂರುವ ಬಿಳಿ ಗಸಿ ಗೊತ್ತೇ ಇರುತ್ತದೆ. ನೀರಿನ ಕ್ಯಾಲ್ಸಿಯಂ ಜೊತೆ ಸೋಪು ಸೇರಿದಾಗ ಇದೇ ಥರದ ಗಸಿ ಮೈಮೇಲೂ ಕೂರುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ, ತುರಿಕೆಗೆ ಅದೂ ಒಂದು ಕಾರಣ. ಇದಕ್ಕೆ 5 ಗ್ರಾಂ ಸಿಟ್ರಿಕ್ ಆಸಿಡ್ ಅನ್ನು ಆ 140 ಗ್ರಾಂ ನೀರಿನಲ್ಲಿ ಮೊದಲೇ ಕರಗಿಸಿ. ಅದು ಸ್ವಲ್ಪ ಕಾಸ್ಟಿಕ್ ಸೋಡಾ ತಿನ್ನುವುದರಿಂದ 3 ಗ್ರಾಂ ಜಾಸ್ತಿ ಹಾಕಿ, ಒಟ್ಟು 68 ಗ್ರಾಂ. ಗಸಿ ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಕೊನೆಯ ಎರಡು ಚೊಂಬು ಮಾತ್ರ ಕಾವೇರಿ ನೀರೋ ಮಳೆ ನೀರೋ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಆರನೇ ಹೆಜ್ಜೆ: ಮಾಡುವುದು

ಮಕ್ಕಳು, ನಾಯಿ, ಬೆಕ್ಕು ಆಚೆ. ಕಿಟಕಿ ತೆಗೆದಿರಲಿ. ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ತುಂಬುತೋಳಿನ ಅಂಗಿ. ಕೈಮೇಲೆ ಇಸುಬು ಇರುವವರು ಈ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ಬಿಟ್ಟು ಪಕ್ಕದಲ್ಲಿ ನಿಂತು ಹೇಳಿ. ಸ್ಟೀಲ್ ಪಾತ್ರೆ ಆಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ, ಕಾಸ್ಟಿಕ್ ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಈ ಕೆಲಸದ ಪಾತ್ರೆಗಳನ್ನು ಮತ್ತೆ ಅಡುಗೆಗೆ ತರಬೇಡಿ.

ನೀರಿಗೆ ಕಾಸ್ಟಿಕ್ ಸೋಡಾ ಹಾಕಬೇಕು, ಸ್ವಲ್ಪ ಸ್ವಲ್ಪವೇ. ಕಾಸ್ಟಿಕ್ ಸೋಡಾಗೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ನೀರು ತಾನಾಗಿಯೇ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ, ಆವಿ ಮೂಗಿಗೆ ಹೊಡೆಯುತ್ತದೆ, ಮುಖ ದೂರ ಇರಲಿ. ಮೈಗೆ ಹನಿ ಬಿದ್ದರೆ ನಲ್ಲಿ ಕೆಳಗೆ ಹಿಡಿದು ತುಂಬಾ ಹೊತ್ತು ತೊಳೆಯಿರಿ, ವಿನೆಗರ್ ಹಚ್ಚುತ್ತಾ ಕೂರಬೇಡಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ಇತ್ತ ಮುರುಗಲು ತುಪ್ಪ ಮತ್ತು ಕೊಬ್ಬರಿ ಎಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ಉಳಿದ ಎಣ್ಣೆ ಸೇರಿಸಿ. ಎರಡೂ 40ರಿಂದ 45 ಡಿಗ್ರಿಗೆ ಬಂದಾಗ ಸೋಡಾ ನೀರನ್ನು ಎಣ್ಣೆಗೆ ಸುರಿಯಿರಿ. ಇಲ್ಲಿ ಥರ್ಮಾಮೀಟರ್ ನೋಡುವುದು ಮುಖ್ಯ. ಮುರುಗಲು ತುಪ್ಪ ಸುಮಾರು 40 ಡಿಗ್ರಿಯಲ್ಲಿ ಗಟ್ಟಿಯಾಗಲು ಶುರುಮಾಡುತ್ತದೆ. ತಣ್ಣಗಾಗಲು ಬಿಟ್ಟರೆ ಮಿಶ್ರಣ ಮಂದವಾಗಿ ಕಾಣುತ್ತದೆ, ನೀವು ಸೋಪು ಕೂಡಿಕೊಂಡಿತು ಅಂದುಕೊಂಡು ಅಚ್ಚಿಗೆ ಸುರಿಯುತ್ತೀರಿ, ನಿಜಕ್ಕೂ ಆಗಿರುವುದು ತುಪ್ಪ ಹೆಪ್ಪುಗಟ್ಟಿದ್ದು ಅಷ್ಟೆ. ಮರುದಿನ ನೋಡಿದರೆ ಮೇಲೆ ಎಣ್ಣೆ, ಕೆಳಗೆ ಕ್ಷಾರದ ನೀರು. ಇದನ್ನು ಪತ್ತೆ ಹಚ್ಚುವುದು ಸುಲಭ: ಚಮಚದಲ್ಲಿ ತೆಗೆದು ನೋಡಿ, ಸಣ್ಣ ಸಣ್ಣ ಹರಳು ಕಂಡರೆ ಅದು ಸುಳ್ಳು ಟ್ರೇಸ್ (ಎಣ್ಣೆ, ಸೋಡಾ ನೀರು ಕೂಡಿಕೊಳ್ಳುವ ಹಂತವೇ ಟ್ರೇಸ್), ಸ್ವಲ್ಪ ಬೆಚ್ಚಗೆ ಮಾಡಿ ಮತ್ತೆ ಕಲಸಿ. ನಿಜವಾಗಿ ಕೂಡಿಕೊಂಡಿದ್ದರೆ ನುಣ್ಣಗೆ, ತೆಳುವಾದ ದೋಸೆ ಹಿಟ್ಟಿನ ಹಾಗೆ ಇರುತ್ತದೆ. ಮೇಲಿಂದ ಒಂದು ಗೆರೆ ಬಿಟ್ಟರೆ ಆ ಗೆರೆ ಕ್ಷಣ ಹೊತ್ತು ನಿಂತು ಆಮೇಲೆ ಮುಳುಗುತ್ತದೆ.

ಹ್ಯಾಂಡ್ ಬ್ಲೆಂಡರ್ ಇದ್ದರೆ ಬೇಗ ಆಗುತ್ತದೆ, ಒಂದೇ ಸಮ ಓಡಿಸದೆ ನಿಲ್ಲಿಸಿ ನಿಲ್ಲಿಸಿ ಓಡಿಸಿ. ಸಿಲಿಕಾನ್ ಅಚ್ಚಿಗೆ ಸುರಿದು ಮುಚ್ಚಿಡಿ. ಎರಡು ದಿನ ಬಿಟ್ಟು ಗ್ಲೌಸ್ ಹಾಕಿಕೊಂಡೇ ತೆಗೆದು ಬಿಲ್ಲೆ ಕೊಯ್ಯಿರಿ.

ಏಳನೇ ಹೆಜ್ಜೆ: ಕಾಯುವುದು

ಕಡಿಮೆ ಎಂದರೆ ಆರು ವಾರ. ಆಲಿವ್ ಜಾಸ್ತಿ ಇರುವುದರಿಂದ ಎಂಟು ವಾರ ಆದರೆ ಇನ್ನೂ ಚೆನ್ನ. ನೀರು ಆರಿ ಬಾರ್ ಗಟ್ಟಿಯಾಗುತ್ತದೆ, ನೊರೆ ಸುಧಾರಿಸುತ್ತದೆ, ಬಳಸಿದಾಗ ಚರ್ಮಕ್ಕೂ ಮೆದು ಅನಿಸುತ್ತದೆ. ಗಾಳಿಯಾಡುವ ಜಾಗದಲ್ಲಿ, ಬಿಸಿಲು ಬೀಳದ ಕಡೆ, ಬಿಲ್ಲೆಗೂ ಬಿಲ್ಲೆಗೂ ನಡುವೆ ಜಾಗ ಬಿಟ್ಟು ಇಡಿ. ತುಕ್ಕು ಹಿಡಿಯುವ ಕಬ್ಬಿಣದ ಜಾಲರಿ ಬೇಡ, ಕಬ್ಬಿಣ ತಾಗಿದ ಕಡೆ ಬೇಗ ಮುಗ್ಗುತ್ತದೆ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಪು ಮಾಡದೇ ಇದ್ದರೇ ವಾಸಿ. ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ಬಿಲ್ಲೆ ಬೆವರುತ್ತದೆ, ಆರುವುದೇ ಇಲ್ಲ.

ಆರು ವಾರದ ಮೇಲೆ ಒಂದು ಬಿಲ್ಲೆಯನ್ನು ಒದ್ದೆ ಮಾಡಿ ನೊರೆಗೆ ಪಿಎಚ್ ಪಟ್ಟಿ ಹಿಡಿಯಿರಿ. 9, 10 ಇದ್ದರೆ ಸರಿ. 11 ದಾಟಿದರೆ ಅಥವಾ ಬಿಲ್ಲೆಯೊಳಗೆ ಬಿಳಿ ಹರಳು, ನೀರಿನ ಗುಳ್ಳೆ ಕಂಡರೆ ಮೈಗೆ ಬೇಡ.

ಎಂಟನೇ ಹೆಜ್ಜೆ: ಮೈಗೆ ಹಾಕಿ ನೋಡುವುದು

ಇಸುಬು ಇಲ್ಲದ ಜಾಗದಲ್ಲಿ, ಮುಂಗೈ ಒಳಭಾಗದಲ್ಲಿ ಮೊದಲು. ಒಂದು ವಾರ ದಿನಕ್ಕೆರಡು ಸಲ ಒಂದೇ ಕೈಯ ಆ ಜಾಗ ಮಾತ್ರ ಇದರಿಂದ ತೊಳೆದು, ಇನ್ನೊಂದು ಕೈ ಜೊತೆ ಹೋಲಿಸಿ ನೋಡಿ. ಕೆಂಪಾಗದಿದ್ದರೆ, ಬಿಗಿಯದಿದ್ದರೆ ಮುಂದುವರಿಸಿ. ಆಗಲೂ ಮೈಪೂರ್ತಿ ಉಜ್ಜುವುದು ಬೇಡ. ಕಂಕುಳು, ತೊಡೆಸಂದಿ, ಪಾದಕ್ಕೆ ಸೋಪು ಸಾಕು, ಕೈಕಾಲು ಬೆನ್ನಿಗೆ ಬರೀ ನೀರು ಸಾಲುತ್ತದೆ. ನೀರು ಉಗುರುಬೆಚ್ಚಗಿರಲಿ, ಸ್ನಾನ ಐದರಿಂದ ಹತ್ತು ನಿಮಿಷ. ಹಂಡೆಯ ಸುಡುನೀರಿನ ಸುಖ ಇಸುಬಿನವರಿಗೆ ಇಲ್ಲ, ಏನು ಮಾಡುವುದು. ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ, ತೇವ ಆರುವ ಮುಂಚೆ ಮಾಯಿಶ್ಚರೈಸರ್ ಹಚ್ಚಿ. ನಿಜ ಹೇಳಬೇಕೆಂದರೆ ಸೋಪಿನಲ್ಲಿ ಯಾವ ಎಣ್ಣೆ ಇದೆ ಅನ್ನುವುದಕ್ಕಿಂತ ಈ ಮಾಯಿಶ್ಚರೈಸರ್ ಹಚ್ಚಿದಿರೋ ಇಲ್ಲವೋ ಅನ್ನುವುದೇ ಜಾಸ್ತಿ ವ್ಯತ್ಯಾಸ ಮಾಡುತ್ತದೆ.

ಉರಿ ಇಲ್ಲ, ಆದರೆ ಸ್ವಲ್ಪ ಒಣ ಅನಿಸುತ್ತದೆ ಅಂದರೆ ಮುಂದಿನ ಸಲ ಕೊಬ್ಬರಿ ಎಣ್ಣೆಯನ್ನು 50 ಗ್ರಾಂಗೆ ಇಳಿಸಿ ಮುರುಗಲು ತುಪ್ಪವನ್ನು 125 ಮಾಡಿ. ಆಗ ಕಾಸ್ಟಿಕ್ ಸೋಡಾ 64 ಗ್ರಾಂ, ಸಿಟ್ರಿಕ್ ಆಸಿಡ್ ಹಾಕುವುದಾದರೆ 67. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ಉರಿ ಬಂದರೆ, ಕೆಂಪಾದರೆ ಅಲ್ಲಿಗೇ ನಿಲ್ಲಿಸಿ, ಬಿಲ್ಲೆಗಳನ್ನು ಕರವಸ್ತ್ರ, ಟವೆಲ್ ಒಗೆಯಲು ಇಟ್ಟುಕೊಳ್ಳಿ.

ಚೆನ್ನಾಗಿ ಬಂತು ಅಂತ ನೆಂಟರಿಗೆ ಕೊಡುವಾಗ ಒಳಗೆ ಏನೇನಿದೆ ಅಂತ ಚೀಟಿ ಬರೆದು ಕೊಡಿ. ಮಾರುವ ಯೋಚನೆ ಇದ್ದರೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು. "ಇಸುಬು ವಾಸಿಯಾಗುತ್ತದೆ" ಅಂತ ಲೇಬಲ್ ಮೇಲೆ ಬರೆಯುವ ಹಾಗಿಲ್ಲ.